ಖಾಲಿ ಬಿಟ್ಟ ಮೂಲೆ

ಹೊಟ್ಟೆಕಿಚ್ಚು ನನಗೆ ಹೊಸದೇನಲ್ಲ. ಬೇರೆ ಕಲಾವಿದರ ಮುಖಪುಟ ನನ್ನದಕ್ಕಿಂತ ಚೆನ್ನಾಗಿ ಬಂದಿದ್ದರೆ ಅಂಗಡಿಯಲ್ಲಿ ಆ ಪುಸ್ತಕವನ್ನು ಬೋರಲು ಹಾಕಿ ಬಂದವಳು ನಾನು. ಆದರೆ ಒಡಹುಟ್ಟಿದವಳ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಬಲು ಕಷ್ಟದ ಕೆಲಸ. ಅಂಗಡಿಯಿಂದ ಹೊರಗೆ ಬಂದರೆ ಮುಗಿಯುವುದಿಲ್ಲ. ಒಂದೇ ಮನೆ, ಒಂದೇ ಊಟದ ಮೇಜು.

ತಂಗಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಮೂವತ್ತೆರಡು ತುಂಬಿತು, ಇನ್ನೂ ಗುಬ್ಬಿಯೇ. ಸಂಗೀತ ಕಾರ್ಯಕ್ರಮಗಳ ಪೋಸ್ಟರ್, ಹಾಡಿನ ಆಲ್ಬಮ್‌ಗಳ ಮುಖಚಿತ್ರ ಅವಳ ಕೆಲಸ. ಈಗಿನ ಆಲ್ಬಮ್ ಅಂದರೆ ಫೋನಿನಲ್ಲಿ ಹೆಬ್ಬೆರಳಗಲ ಕಾಣುವ ಚೌಕ, ಅಷ್ಟೆ. ಅದಕ್ಕೆ ಬೆನ್ನೂ ಇಲ್ಲ, ಹಿಂಬದಿಯೂ ಇಲ್ಲ. ನಾನು ಪುಸ್ತಕದವಳು. ಇಪ್ಪತ್ತಾರು ವರ್ಷಗಳಿಂದ ಮುಖಪುಟ ಬರೆಯುತ್ತಿದ್ದೇನೆ. ಅದರಲ್ಲೂ ಒಬ್ಬ ಹಿರಿಯ ಲೇಖಕಿಯ ಒಂಬತ್ತು ಕಾದಂಬರಿಗಳಿಗೂ ನನ್ನದೇ ಚಿತ್ರ. ಹತ್ತನೆಯದು ಮುಗಿಯುತ್ತಾ ಬಂದಿದೆ, ಅದೇ ತಮ್ಮ ಕೊನೆಯದು ಎಂದು ಅವರು ಹೇಳಿಕೊಂಡಿದ್ದರು. ಅದರ ಮುಖಪುಟ ನನ್ನದಲ್ಲದೆ ಇನ್ಯಾರದು? ನಾನು ಕಾಗದವನ್ನು ಅಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದೆ.

ಪ್ರಕಾಶಕರ ಫೋನ್ ಬಂತು. “ಮೇಡಂ, ತಪ್ಪು ತಿಳ್ಕೋಬೇಡಿ,” ಎಂದರು. ಹಾಗೆ ಶುರುವಾದ ಯಾವ ಸುದ್ದಿಯೂ ಒಳ್ಳೆಯದಾಗಿದ್ದನ್ನು ನಾನು ಕಂಡಿಲ್ಲ. “ಲೇಖಕಿಯವ್ರು ಬಸ್ ಸ್ಟಾಪಲ್ಲಿ ನಿಮ್ಮ ತಂಗಿ ಮಾಡಿದ ಪೋಸ್ಟರ್ ನೋಡಿದಾರೆ. ಈ ಸಲ ಆ ಹುಡುಗಿ ಬರೀಲಿ ಅಂತ ಹಟ ಹಿಡಿದಿದಾರೆ. ಹೇಗೂ ಕೆಲಸ ನಿಮ್ಮ ಮನೇಲೇ ಇರತ್ತಲ್ವಾ!”

“ಅಯ್ಯೋ, ಸಂತೋಷ ಸಾರ್,” ಎಂದೆ. ಫೋನ್ ಇಟ್ಟು, ಕತ್ತರಿಸಿಟ್ಟ ಕಾಗದವನ್ನು ಮಡಿಸಿ ಮಡಿಸಿ, ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿನಡಿಗೆ ತುರುಕಿದೆ.

ಗುಬ್ಬಿ ಕುಣಿದಾಡಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಅವಳು ಮೆಲ್ಲಗೆ ಬಂದು, “ಅಕ್ಕಾ, ನೀನು ಬೇಡ ಅಂದ್ರೆ ಒಪ್ಕೊಳ್ಳಲ್ಲ,” ಎಂದಳು. ಮೈಯೆಲ್ಲ ಉರಿದುಹೋಯಿತು.

“ನಂಗ್ಯಾಕೆ ಬೇಜಾರು? ನಂದೇ ಬೇಕಾದಷ್ಟು ಕೆಲಸ ಬಿದ್ದಿದೆ.”

ಬಿದ್ದಿದ್ದದ್ದು ಮಕ್ಕಳ ಗಣಿತದ ಪುಸ್ತಕ ಒಂದೇ. ಎಣಿಸುವುದಕ್ಕೆ ಹನ್ನೆರಡು ಬಾತುಕೋಳಿ ಬೇಕಿತ್ತು. ಆ ವಾರ ನನ್ನ ಬಾತುಕೋಳಿಗಳೆಲ್ಲ ಮುಖ ಗಂಟಿಕ್ಕಿಕೊಂಡೇ ಹುಟ್ಟಿದವು. ಸಂಪಾದಕರು ಎರಡು ಸಲ ವಾಪಸ್ ಕಳಿಸಿದರು.

ಮೂರು ವಾರ ಕಳೆದ ಮೇಲೆ ಗುಬ್ಬಿ ತನ್ನ ಕೋಣೆಗೆ ಕರೆದಳು. ನಾನು ಚಪ್ಪಲಿ ಎಳೆದುಕೊಂಡು ಹೋದೆ. ಮನೆಯೊಳಗೆ ನಾನು ಹಾಕುವುದು ಒಂದು ಹಸಿರು, ಒಂದು ಕಂದು. ಎರಡು ಜೋಡಿಯಲ್ಲಿ ಒಂದೊಂದು ಹರಿದಿತ್ತು, ಉಳಿದವನ್ನು ಎಸೆಯಲು ಮನಸ್ಸು ಬಂದಿರಲಿಲ್ಲ. ಮನೆಯವರಿಗೆಲ್ಲ ಅದೊಂದು ನಗೆಯ ವಿಷಯ.

ಚಿತ್ರ ಮೇಜಿನ ಮೇಲಿತ್ತು. ಹಿಂಬದಿ, ಬೆನ್ನು, ಮುಂಬದಿ ಮೂರಕ್ಕೂ ಸೇರಿ ಒಂದೇ ಉದ್ದನೆಯ ಬೀದಿ. ಸಂಜೆ ಬೆಳಕು, ಅರೆ ತೆರೆದ ಒಂದು ನೀಲಿ ಬಾಗಿಲು. ಬೆನ್ನುಡಿಗೆಂದು ಆಕಾಶದಲ್ಲಿ ಜಾಗ ಬಿಟ್ಟಿದ್ದಳು. ಬೀದಿಯ ಅಂಚಿನ ಗೆರೆ ಹಿಂಬದಿಯ ಕೆಳಮೂಲೆಯಲ್ಲಿ ಹೊರಟು, ಬೆನ್ನು ದಾಟಿ, ಮುಂಬದಿಯ ಆ ಬಾಗಿಲಿನವರೆಗೂ ಕೈಹಿಡಿದು ಕರೆದೊಯ್ಯುತ್ತಿತ್ತು. ಚೆನ್ನಾಗಿತ್ತು. ನನ್ನ ಒಂಬತ್ತರಲ್ಲಿ ಒಂದೂ ಅಷ್ಟು ಚೆನ್ನಾಗಿರಲಿಲ್ಲ. ಇದನ್ನು ಹೇಳಲು ಈಗಲೂ ಬಾಯಿ ಕಹಿಯಾಗುತ್ತದೆ.

ತಪ್ಪು ಹುಡುಕುತ್ತಾ ಕೆಳಗೆ ಬಂದೆ. ಗೆರೆ ಹೊರಡುವ ಮೂಲೆಗೆ ಬಣ್ಣವೇ ಬಿದ್ದಿರಲಿಲ್ಲ. ಪೆನ್ಸಿಲಿನಲ್ಲಿ ಒಂದು ಪುಟ್ಟ ಕುರ್ಚಿ ಮಾತ್ರ ಇತ್ತು.

“ಇದ್ಯಾಕೆ ಹಾಗೇ ಬಿಟ್ಟಿದೀಯಾ?”

“ಅದು ಕೊನೇಲಿ. ಅಲ್ಲಿ ಒಬ್ರು ಕೂತ್ಕೋಬೇಕು. ಇಡೀ ಚಿತ್ರ ಇರೋದೇ ಅವ್ರಿಗೋಸ್ಕರ.”

ಕಾದಂಬರಿಯ ನಾಯಕಿ ಇರಬೇಕು ಅಂದುಕೊಂಡೆ. ಎರಡು ಇಂಚು ಅಗಲ, ಒಂದೂಕಾಲು ಇಂಚು ಎತ್ತರ. ಆ ಜಾಗದ ಅಳತೆಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದು ಬಾರ್‌ಕೋಡಿನ ಜಾಗ. ಮುದ್ರಣಕ್ಕೆ ಕಳಿಸುವ ಮುಂಚೆ ಪ್ರಕಾಶಕರ ಕಚೇರಿಯವರು, ಅಡಿಯಲ್ಲಿ ಏನಿದೆ ಎಂದು ನೋಡುವ ಗೋಜಿಗೂ ಹೋಗದೆ, ಅಲ್ಲೊಂದು ಬಿಳಿ ಚೌಕ ಕೂರಿಸಿ ಕಪ್ಪು ಗೆರೆ ಎಳೆದುಬಿಡುತ್ತಾರೆ. ನನ್ನ ಎರಡನೆಯ ಮುಖಪುಟದಲ್ಲಿ ಹಾಗೆ ಒಂದು ಬೆಕ್ಕು ಹೋಯಿತು, ಬಾಲ ಉಳಿಯಿತು. ಅಂದಿನಿಂದ ನಾನು ಆ ಮೂಲೆಗೆ ಬರೀ ಗೋಡೆ, ಇಲ್ಲವೇ ಬರೀ ನೆಲ ಬರೆಯುತ್ತೇನೆ.

“ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳಕ್ಕಾ,” ಎಂದಳು ಗುಬ್ಬಿ. “ಪುಸ್ತಕ ನಂಗೆ ಹೊಸದು.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಂಬತ್ತು ಪುಸ್ತಕ ಮಾಡಿದವಳನ್ನು ಬಿಟ್ಟು ಬಸ್ ಸ್ಟಾಪಿನ ಗೋಡೆ ನೋಡಿ ಆರಿಸಿದ್ದಾರಲ್ಲ, ಅನುಭವಿಸಲಿ ಎನ್ನಿಸಿತು. ಚಿತ್ರದ ಜೀವವೇ ಹೋಗಲಿ, ಆಗ ಅಕ್ಕನ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ.

“ಎಲ್ಲಾ ಸರಿಯಿದೆ,” ಎಂದೆ. ಏನಾದರೂ ಕೊಂಕು ಹೇಳದೆ ಎದ್ದು ಬರಲು ಆಗಲಿಲ್ಲ. “ಆ ಬಾಗಿಲಿನ ನೀಲಿ ಸ್ವಲ್ಪ ಜಾಸ್ತಿಯಾಯ್ತು, ನೋಡು.”

ಅವಳು ಇಡೀ ಮಧ್ಯಾಹ್ನ ಕೂತು ನೀಲಿಯನ್ನು ತಿಳಿ ಮಾಡಿದಳು.

ಎರಡು ತಿಂಗಳಿಗೆ ಪುಸ್ತಕದ ಕಟ್ಟು ಮನೆಗೆ ಬಂತು. ಗುಬ್ಬಿ ದಾರ ಬಿಚ್ಚಿ ಒಂದು ಪ್ರತಿ ಎತ್ತಿಕೊಂಡಳು. ಮುಂಬದಿ ನೋಡಿ ಮುಖ ಅರಳಿತು. ತಿರುಗಿಸಿದಳು. ಮುಖ ಸಪ್ಪಗಾಯಿತು. ಪುಸ್ತಕ ಕೆಳಗಿಟ್ಟು ತನ್ನ ಕೋಣೆಗೆ ಹೋದಳು.

ಹೇಳಲು ನಾಚಿಕೆಯಾಗುತ್ತದೆ, ಆದರೆ ಹೊಟ್ಟೆ ತಣ್ಣಗಾಯಿತು. ಆರಾಮಾಗಿ ಕನ್ನಡಕ ಏರಿಸಿಕೊಂಡು ಪುಸ್ತಕ ಕೈಗೆತ್ತಿಕೊಂಡೆ. ಬಿಳಿ ಚೌಕ ಕರಾರುವಾಕ್ಕಾಗಿ ಕುರ್ಚಿಯ ಮೇಲೆಯೇ ಕೂತಿತ್ತು. ಚೌಕದ ಕೆಳಗೆ ಯಾರದೋ ಎರಡು ಪಾದಗಳು ಮಾತ್ರ ಇಣುಕುತ್ತಿದ್ದವು. ಒಂದು ಕಾಲಿಗೆ ಹಸಿರು ಚಪ್ಪಲಿ, ಇನ್ನೊಂದಕ್ಕೆ ಕಂದು.

ನಾನು ಬಗ್ಗಿ ನನ್ನ ಕಾಲು ನೋಡಿಕೊಂಡೆ. ಆಮೇಲೆ ಪುಸ್ತಕ ಹಿಡಿದುಕೊಂಡೇ ಅವಳ ಕೋಣೆಗೆ ಓಡಿದೆ.

ಮೂಲಚಿತ್ರ ಗೋಡೆಗೆ ಒರಗಿತ್ತು. ಕುರ್ಚಿಯಲ್ಲಿ ನಾನು ಕೂತಿದ್ದೆ. ಕನ್ನಡಕ ತಲೆಯ ಮೇಲೆ, ಒಂದು ಕುಂಚ ಹಲ್ಲಿನಲ್ಲಿ, ಇನ್ನೊಂದು ಕೈಯಲ್ಲಿ. ಬೀದಿಯ ಅಂಚಿನ ಗೆರೆ ಆ ಕೈಯಲ್ಲಿದ್ದ ಕುಂಚದಿಂದಲೇ ಹೊರಟಿತ್ತು. ಇಡೀ ಬೀದಿಯನ್ನು ಬರೆಯುತ್ತಿದ್ದವಳು ನಾನು.

“ನಿನ್ನ ಚಿತ್ರಗಳಲ್ಲೆಲ್ಲ ಆ ಮೂಲೆ ಖಾಲಿ ಇರತ್ತಲ್ಲಕ್ಕಾ,” ಎಂದಳು ಗುಬ್ಬಿ, ಮೂಗು ಒರೆಸಿಕೊಳ್ಳುತ್ತಾ. “ಚಿಕ್ಕೋಳಿದ್ದಾಗ ಯಾಕೆ ಅಂತ ಕೇಳಿದ್ದೆ. ಚಿತ್ರಕ್ಕೂ ಉಸಿರಾಡೋಕೆ ಜಾಗ ಬೇಕು ಕಣೇ ಅಂದಿದ್ದೆ ನೀನು.”

ಅಂದಿದ್ದು ನಿಜ. ಬಾರ್‌ಕೋಡಿಗೆ ಎಂದು ಹೇಳಿದರೆ ಕಲಾವಿದೆಯ ಗತ್ತು ಕಡಿಮೆಯಾಗುತ್ತದೆ ಎಂದು ಆಗ ಕೊಚ್ಚಿಕೊಂಡಿದ್ದೆ. ಅವಳು ಅದನ್ನು ಇಪ್ಪತ್ತು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದಳು.

“ಒಂದ್ಸಲ ಆ ಜಾಗದಲ್ಲಿ ನಿನ್ನೇ ಕೂರಿಸೋಣ ಅನ್ಕೊಂಡೆ. ಬಾರ್‌ಕೋಡ್ ಎಲ್ಲಾದ್ರೂ ಸರಿಸಿ ಹಾಕ್ತಾರೆ ಅಂತಿದ್ದೆ. ಪೆದ್ದಿ ನಾನು, ವಿಚಾರಿಸ್ಬೇಕಿತ್ತು. ನೀನಾದ್ರೂ ಏನ್ ಮಾಡ್ತೀಯ, ನೀನು ನೋಡಿದಾಗ ಅಲ್ಲಿ ಬರೀ ಕುರ್ಚಿ ಇತ್ತು.”

ತಪ್ಪಿಸಿಕೊಳ್ಳುವ ದಾರಿಯನ್ನು ಅವಳೇ ತೋರಿಸಿದ್ದಳು. ಹೂಂ ಅಂದಿದ್ದರೆ ಸಾಕಿತ್ತು. ಆಗ ಗಮನಿಸಿದೆ, ನನ್ನ ಹೆಬ್ಬೆರಳ ಉಗುರು ಪುಸ್ತಕದ ಆ ಬಿಳಿ ಚೌಕವನ್ನು ಕೆರೆಯುತ್ತಿತ್ತು. ಅದು ಅಂಟಿಸಿದ ಚೀಟಿಯಲ್ಲ, ಕೆರೆದರೆ ಬರುವುದಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ನಂಗೆ ಗೊತ್ತಿತ್ತು ಗುಬ್ಬಿ,” ಎಂದೆ. “ಅಲ್ಲಿ ಬಾರ್‌ಕೋಡ್ ಬರತ್ತೆ ಅಂತ ಅವತ್ತೇ ಗೊತ್ತಿತ್ತು. ಬೇಕೂಂತ ಹೇಳ್ಲಿಲ್ಲ.”

ಅವಳು ತಲೆಯೆತ್ತಿ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸಣ್ಣ ದನಿಯಲ್ಲಿ, “ಆ ಬಾಗಿಲಿನ ನೀಲಿ?” ಎಂದು ಕೇಳಿದಳು. “ಅದು ನಿಜವಾಗ್ಲೂ ಜಾಸ್ತಿಯಾಗಿತ್ತಾ?”

“ಇಲ್ಲ,” ಎಂದೆ. “ಸರಿಯಾಗೇ ಇತ್ತು.”

ಗುಬ್ಬಿ ಚಿತ್ರದ ಕಡೆ ತಿರುಗಿ ಕೂತು, ನಾನು ತಿಳಿ ಮಾಡಿಸಿದ ಆ ಬಾಗಿಲನ್ನೇ ನೋಡತೊಡಗಿದಳು.