ಸತ್ತವರ ರಜೆ

“ಏ ಮುಂಡೇದೇ, ಸುಣ್ಣ ಬಳಿಯೋದು ಕಲ್ಲಿಗೆ, ನಿನ್ನ ಸೀರೆಗಲ್ಲ! ಮಂತ್ರಿಗಳ ಕಾರು ಬರೋ ಹೊತ್ತಿಗೆ ಇದು ಒಣಗಿಲ್ಲ ಅಂದ್ರೆ ನಿನ್ನನ್ನೇ ದಾರಿಗೆ ಹಾಸ್ತೀನಿ ನೋಡು.”

ಮೇಸ್ತ್ರಿಯ ಬಾಯಿ ಬಚ್ಚಲು ಎಂಬುದು ಸುರಂಗದ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನವೇ ಗೊತ್ತಾಗುತ್ತಿತ್ತು. ಅಕ್ಕ ತಲೆ ಎತ್ತಲಿಲ್ಲ. ಬುಟ್ಟಿಯಲ್ಲಿ ಕಲ್ಲು ಮಣ್ಣು ಹೊರುವ ಹೆಂಗಸರಲ್ಲಿ ಅವಳೇ ಹಳಬಳು, ಹಾಗಾಗಿ ಅಲ್ಲಿ ಎಲ್ಲರಿಗೂ ಅಕ್ಕ. ನಿಜವಾದ ತಮ್ಮ ಒಬ್ಬನೇ. ಅವ್ವ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು, ಕೈ ಹಿಡಿದು ಈ ಕೆಲಸಕ್ಕೆ ಸೇರಿಸಿದವಳೂ ಇವಳೇ. ಅವನು ಈಗ ಬೆಟ್ಟದೊಳಗಿದ್ದ.

ಸುರಂಗ ಕುಸಿದು ವಾರವಾಗಿತ್ತು. ನಿನ್ನೆ ಸಂಜೆ ರೇಡಿಯೋ ಹೇಳಿತು: ಒಳಗಿದ್ದವರೆಲ್ಲ ತೀರಿಕೊಂಡಿದ್ದಾರೆ, ಇದು ರಾಷ್ಟ್ರದ ದುರಂತ, ನಾಳೆ ದೇಶಕ್ಕೆಲ್ಲ ರಜೆ, ಇನ್ನು ವರ್ಷಾ ವರ್ಷಾ ಇದೇ ದಿನ ರಜೆ. ಮಣ್ಣು ತೆಗೆಯುತ್ತಿದ್ದ ದೊಡ್ಡ ಯಂತ್ರದ ಡ್ರೈವರ್ ಇದನ್ನು ಕೇಳಿದ್ದೇ ತಡ, ಬೀಗದಕೈ ಜೇಬಿಗೆ ಇಳಿಸಿ ಬಸ್ಸು ಹತ್ತಿದ. ವಾರದಿಂದ ಹಗಲೂ ರಾತ್ರಿ ಮಣ್ಣು ತೆಗೆದು ಸೀಟಿನಲ್ಲೇ ಕೂತು ನಿದ್ದೆ ಮಾಡಿದವನು, ಅವನನ್ನು ಬೈದು ಏನು ಬಂತು. ದೇಶಕ್ಕೆಲ್ಲ ಸಿಕ್ಕ ರಜೆ ಸುಣ್ಣ ಬಳಿಯುವವರಿಗೆ ಮಾತ್ರ ಸಿಗಲಿಲ್ಲ.

ತಮ್ಮ ಸತ್ತಿರಲಿಲ್ಲ.

ಸುರಂಗದ ಬಾಯಿಂದ ಒಳಗಿನವರೆಗೂ ಗಾಳಿ ಹೋಗಲೆಂದು ಹಾಕಿದ ಒಂದು ಕಬ್ಬಿಣದ ಪೈಪು ಇತ್ತು. ಕೊರೆಯುವ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳಿಸದು, ಅದಕ್ಕೇ ಕೆಲಸಗಾರರು ಪೈಪಿಗೆ ಬಡಿದು ಮಾತಾಡುತ್ತಿದ್ದರು. ಒಂದೇಟು ಎಂದರೆ ನಿಲ್ಲು. ಎರಡು ಎಂದರೆ ಬರ್ತಾ ಇದ್ದೀವಿ. ಮೂರು ಎಂದರೆ ಇಲ್ಲಿ ಜನ ಇದ್ದೀವಿ. ಬೆಳಗ್ಗೆ ಸುಣ್ಣದ ಡಬ್ಬ ಕೆಳಗಿಟ್ಟು ಅಕ್ಕ ಪೈಪಿಗೆ ಕಿವಿ ಕೊಟ್ಟಿದ್ದಳು. ಟಣ್, ಟಣ್, ಟಣ್. ಸೊರಗಿದ ಸದ್ದು, ಆದರೆ ಮನುಷ್ಯನ ಕೈಯದು.

ಕೇಳಿಸಿಕೊಂಡವಳು ನೇರ ಇಂಜಿನಿಯರ್ ಹತ್ತಿರ ಓಡಿದಳು. ಅವನು ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸುವುದನ್ನು ನೋಡುತ್ತಾ ನಿಂತಿದ್ದ.

“ಸ್ವಾಮಿ, ಬಡೀತಾ ಇದಾರೆ. ನೀವೇ ಬಂದು ಕೇಳಿ.”

“ಕೇಳಿದೀನಮ್ಮ.” ಅವನು ಮೆಲ್ಲಗೆ ಹೇಳಿದ. “ನಿನ್ನೆ ರಾತ್ರೀನೇ ಕೇಳಿದೀನಿ. ಒಳಗೆ ನೀರು ತೊಟ್ಟಿಕ್ಕೋ ಸದ್ದು ಅಂತ ಬರೆದುಕೊಟ್ಟಿದೀನಿ.”

“ನೀರು ಮೂರು ಮೂರು ಸಲ ಲೆಕ್ಕ ಹಾಕಿ ತೊಟ್ಟಿಕ್ಕುತ್ತಾ ಸ್ವಾಮಿ?”

ಅವನು ಅತ್ತಿತ್ತ ನೋಡಿದ. “ನೋಡಮ್ಮ, ಸತ್ತಿದಾರೆ ಅಂತ ಮೇಲಿನೋರು ಹೇಳಿಬಿಟ್ಟಿದಾರೆ. ದೇಶಾನೇ ಬಾಗಿಲು ಹಾಕಿದೆ. ಈಗ ಬದುಕಿದಾರೆ ಅಂತ ಹೇಳೋಕೆ ನಾನ್ಯಾರು? ನಾಳೆ ಡ್ರೈವರ್ ಬರಲಿ, ನೋಡೋಣ.”

“ನಾಳೆವರೆಗೂ ಉಸಿರು ಹಿಡ್ಕೊಂಡಿರು ಅಂತ ಯಾರು ಹೇಳ್ತೀರಿ ಅವನಿಗೆ? ನೀವಾ?”

ಇಂಜಿನಿಯರ್ ಕರವಸ್ತ್ರದಿಂದ ಕಿವಿ ಒರೆಸಿಕೊಂಡು ಹೂವಿನ ಗಾಡಿಯ ಕಡೆ ಹೊರಟುಹೋದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಅಕ್ಕ ಬೈದಾದರೂ ಹಗುರಾಗುತ್ತಿದ್ದಳು.

ಸುಣ್ಣ ಬಳಿದ ಕಲ್ಲಿನ ಪಕ್ಕ ಕಿವುಡು ತಾತ ಕೂತಿದ್ದ. ಜೀವಮಾನವೆಲ್ಲ ಬಂಡೆ ಕೊರೆದು ಕಿವಿಯನ್ನು ಬಂಡೆಗೇ ಬಿಟ್ಟುಕೊಟ್ಟ ಮುದುಕ. ಈವತ್ತು ಒಗೆದ ಅಂಗಿ ಹಾಕಿದ್ದ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದು ಅವನಿಗೆ ರೂಢಿ.

“ಅಳಬೇಡ ಮಗಳೇ. ನಾನು ನೋಡಿದ ಸುರಂಗಗಳಲ್ಲಿ ಎಷ್ಟು ಜನ ಸತ್ರೋ, ಒಂದು ನಾಯಿನೂ ಮೂಸಿ ನೋಡಲಿಲ್ಲ. ನನ್ನ ಅಣ್ಣ ಸತ್ತ ದಿನ ಮಧ್ಯಾಹ್ನಾನೇ ನನ್ನನ್ನ ಅದೇ ಗುಂಡಿಗೆ ಇಳಿಸಿದ್ರು. ಈವತ್ತು ನೋಡು, ಸ್ಕೂಲು, ಆಫೀಸು, ಕೋರ್ಟು, ಎಲ್ಲಾ ಬಂದ್! ನಮ್ಮಂಥೋರಿಗೆ! ಇಂಥ ಮರ್ಯಾದೆ ಕಂಡಿದ್ಯಾ?”

“ಮರ್ಯಾದೆ ಸತ್ತೋರಿಗೆ ಕೊಡಲಿ ತಾತ. ಅವನು ಬದುಕಿದಾನೆ. ಅವನಿಗೆ ಮಣ್ಣು ತೆಗೆಯೋ ಕೈ ಬೇಕು.”

ತಾತ ಅವಳ ತುಟಿ ನೋಡಿದ, ಆದರೆ ಹಿಡಿದದ್ದು ತನಗೆ ಬೇಕಾದಷ್ಟೇ. “ಈ ಕಾರ್ಯಕ್ರಮ ನಡೆಸೋ ಸಾಹೇಬರಿಗೆ ನಾನೇ ಹೇಳಿದೆ, ನಮ್ಮೋರು ಪೈಪು ಬಡಿದು ಮಾತಾಡ್ತಾರೆ ಅಂತ. ಖುಷಿಯಾಯ್ತು ಅವರಿಗೆ. ಮಂತ್ರಿಗಳ ಕೈಲೇ ಒಂದೇಟು ಹೊಡೆಸ್ತಾರಂತೆ. ಒಂದೇಟು ಅಂದ್ರೆ ನಿಲ್ಲು, ಕೆಲಸ ಮುಗೀತು. ಒಪ್ಪುತ್ತೆ ಅಲ್ವಾ?” ಅಷ್ಟು ಹೇಳಿ ಅವನು ಅಂಗಿಯ ಗುಂಡಿ ಸರಿಮಾಡಿಕೊಂಡ.

ಮಂತ್ರಿಗಳು ಬಂದರು. ಹೂವಿನ ಚಕ್ರಗಳು ಬಂದವು, ಬ್ಯಾಂಡು ಬಂತು. ಸುರಂಗದ ಬಾಯಿ ಮುಚ್ಚಿದ್ದ ಮಣ್ಣಿನ ಮೇಲೆ ಹೂವು ಬಿದ್ದು ಬಿದ್ದು ಅದೂ ಒಂದು ಗುಡ್ಡವಾಯಿತು. ಮಂತ್ರಿಗಳು ಮಾತಾಡುತ್ತಾ ಗಂಟಲು ಗದ್ಗದ ಮಾಡಿಕೊಂಡರು. ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಸುಣ್ಣದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೋ ಎಂದು ಮೇಸ್ತ್ರಿ ಹಿಂದಿನಿಂದ ಪಿಸುಗುಟ್ಟುತ್ತಿದ್ದ. ಅವಳು ಎದ್ದು ಕೂಗಬೇಕೆಂದು ಬಾಯಿ ತೆರೆದಾಗೆಲ್ಲ ಪಕ್ಕದ ಪೊಲೀಸಮ್ಮ ತೊಡೆ ಅಮುಕಿ ಕೂರಿಸುತ್ತಿದ್ದಳು.

ರಿಬ್ಬನ್ ಕಟ್ಟಿದ ಸುತ್ತಿಗೆಯನ್ನು ಮಂತ್ರಿಗಳ ಕೈಗೆ ಕೊಟ್ಟರು. ಜನರೇಟರ್ ನಿಲ್ಲಿಸಿದರು. ಎಲ್ಲರೂ ಎದ್ದು ತಲೆ ಬಾಗಿಸಿದರು. ಮಂತ್ರಿಗಳು ಪೈಪಿಗೆ ಒಂದೇಟು ಹಾಕಿದರು.

“ಸಾರ್, ಕೈ ಅಡ್ಡ ಬಂತು,” ಎಂದ ಫೋಟೋದವನು. “ಇನ್ನೊಂದ್ಸಲ, ಪ್ಲೀಸ್.”

ಮಂತ್ರಿಗಳು ಇನ್ನೊಂದು ಹಾಕಿದರು.

ಎರಡು. ಬರ್ತಾ ಇದ್ದೀವಿ.

ಕೆಲಸಗಾರರ ಸಾಲಿನಲ್ಲಿ ಒಬ್ಬೊಬ್ಬರ ತಲೆಯೂ ಮೇಲೆದ್ದಿತು. ಆ ಮೌನದಲ್ಲಿ ಪೈಪು ಉತ್ತರ ಕೊಟ್ಟಿತು. ಟಣ್ ಟಣ್ ಟಣ್. ಟಣ್ ಟಣ್ ಟಣ್. ಬೆಳಗ್ಗೆಯ ಸೊರಗಿದ ಸದ್ದಲ್ಲ ಇದು. ಯಾರೋ ಇದ್ದ ಬದ್ದ ಶಕ್ತಿಯನ್ನೆಲ್ಲ ತೋಳಿಗೆ ತಂದುಕೊಂಡು, ಖುಷಿಯಿಂದ ಬಡಿಯುತ್ತಿದ್ದರು. ಕುರ್ಚಿಯಲ್ಲಿದ್ದವರೆಲ್ಲ ಕೇಳಿದರು. ಬ್ಯಾಂಡಿನವನು ಕೇಳಿ ಕೊಂಬನ್ನು ಬಾಯಿಂದ ಇಳಿಸಿದ. ತಾತನಿಗೆ ಕೇಳಿಸಲಿಲ್ಲ, ಆದರೆ ಅವನ ಅಂಗೈ ಪೈಪಿನ ಮೇಲಿತ್ತು. ಅವನ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು.

ಮಂತ್ರಿಗಳು ಇಂಜಿನಿಯರ್ ಮುಖ ನೋಡಿದರು.

“ನೀರು ಸಾರ್,” ಎಂದ ಇಂಜಿನಿಯರ್.

“ಅಯ್ಯೋ ನಿಮ್ಮ ಬಾಯಿಗೆ ಮಣ್ಣು ಬೀಳ! ಅವನು ನನ್ನ ತಮ್ಮ ಕಣ್ರೋ! ಈಗ ತಾನೇ ಬರ್ತೀವಿ ಅಂತ ಹೇಳಿದ್ರಲ್ಲೋ ನೀವು!”

ಬ್ಯಾಂಡು ಜೋರಾಗಿ ಶುರುವಾಯಿತು. ಜನರೇಟರ್ ಮತ್ತೆ ಗುಡುಗತೊಡಗಿತು. ಪೊಲೀಸಮ್ಮ ಅಕ್ಕನನ್ನು ರೆಟ್ಟೆ ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದೊಯ್ದಳು. ದುಃಖ ತಲೆಗೇರಿದೆ ಪಾಪ ಎಂದು ಮೈಕಿನಲ್ಲಿ ಯಾರೋ ಹೇಳಿದರು.

ಕೆಲಸಗಾರರನ್ನು ಲಾರಿ ಹತ್ತಿಸಿ ಕಳಿಸಿ, ಕಾರುಗಳೆಲ್ಲ ಹೋದ ಮೇಲೆ ಅವಳನ್ನು ಬಿಟ್ಟರು. ಬಾಗಿಲಿಲ್ಲದ ಸುರಂಗಕ್ಕೆ ಒಬ್ಬ ಕಾವಲುಗಾರ, ನಾಲ್ಕು ಸಾಲು ಖಾಲಿ ಕುರ್ಚಿ, ಅಷ್ಟೇ ಉಳಿದದ್ದು. ತಾತ ಪೈಪನ್ನು ತಬ್ಬಿಕೊಂಡು ಕೂತಿದ್ದ.

“ಬಿಡದೆ ಕೇಳ್ತಾ ಇದಾರೆ ಮಗಳೇ. ನನ್ನ ಬಾಯಿಗೆ ಹುಳ ಬೀಳಲಿ, ಏನು ಹೇಳೋಣ ಅವರಿಗೆ?”

ರಿಬ್ಬನ್ ಕಟ್ಟಿದ ಸುತ್ತಿಗೆ ಅಲ್ಲೇ ಬಿದ್ದಿತ್ತು. ಅಕ್ಕ ಎತ್ತಿಕೊಂಡಳು. ಎರಡೇಟು ಹೊಡೆದರೆ ಸುಳ್ಳು. ಒಂದು ಹೊಡೆದರೆ, ಅವನು ನಿಲ್ಲಿಸಿಬಿಡುತ್ತಾನೆ, ಎಲ್ಲವನ್ನೂ ನಿಲ್ಲಿಸಿಬಿಡುತ್ತಾನೆ. ಈವತ್ತು ನಿನ್ನ ಹೆಸರಲ್ಲಿ ರಜೆ, ನಾಳೆ ಬರ್ತೀವಿ ಎನ್ನುವುದಕ್ಕೆ ಅವರ ಭಾಷೆಯಲ್ಲಿ ಏಟೇ ಇರಲಿಲ್ಲ. ಅವಳು ಸುತ್ತಿಗೆ ಎಸೆದು, ಶೆಡ್ಡಿಗೆ ಒರಗಿಸಿದ್ದ ಹಾರೆ ಎಳೆದುಕೊಂಡಳು. ಹೂವಿನ ಚಕ್ರಗಳನ್ನು ಕಾಲಲ್ಲಿ ಒದ್ದು ಸರಿಸಿ, ಅದನ್ನು ಮಣ್ಣಿಗೆ ಹಾಕಿದಳು. ಹಾರೆ ಬಂಡೆಗೆ ತಾಗಿ ಕೈ ಜುಮ್ಮೆಂದಿತು.

“ಅಕ್ಕಾ, ಬೇಡ,” ಕಾವಲುಗಾರ ಓಡಿ ಬಂದ. “ಈವತ್ತು ಇಲ್ಲಿ ಏನೂ ಮುಟ್ಟಬಾರದು ಅಂತ ಆರ್ಡರ್ ಆಗಿದೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

“ಹೊಡೆಯೋ ಹಾಗಿದ್ರೆ ನನ್ನನ್ನ ಹೊಡಿ.”

ಅವನು ಲಾಠಿ ಎತ್ತಲಿಲ್ಲ, ದಾರಿಯನ್ನೂ ಬಿಡಲಿಲ್ಲ. ತಾತ ಪೈಪು ಬಿಟ್ಟು ಬಂದು, ಮಂಡಿಯೂರಿ, ಅವಳು ಸಡಿಲಿಸಿದ್ದ ಒಂದು ಹಿಡಿ ಮಣ್ಣನ್ನು ಬೊಗಸೆಯಲ್ಲಿ ತೆಗೆದು ಪಕ್ಕಕ್ಕೆ ಹಾಕಿದ. ಮೇಲಿನಿಂದ ಎರಡು ಬೊಗಸೆ ಜಾರಿ ಬಂದು ಆ ಜಾಗಕ್ಕೆ ಕೂತಿತು. ಅಕ್ಕ ಮತ್ತೆ ಹಾರೆ ಎತ್ತಿದಳು.