ರಾಜಮಾಬಿಯ ಅಂಗಾಲು

"ಬೆರಳಿನ ಸಂದ್ಯಾಗೂ ನೀರು ಹೋಗ್ಲಿ, ಜರೀನಾ," ಎನ್ನುತ್ತ ಗೌಸಬಿ ಬಿಸಿನೀರು ಸುರಿದಳು. ಅಣ್ಣಿಗೇರಿಯ ಆ ಓಣಿಯಲ್ಲಿ ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವಳು ಅವಳೇ. ತಾಯಿ ರಾಜಮಾಬಿಯ ಬಲಗಾಲು ಹಿಡಿದಿದ್ದ ಜರೀನಾಬಿ ಅಂಗಾಲಿನ ಕಪ್ಪು ಗಾಯದ ಸುತ್ತ ಮೆಲ್ಲಗೆ ನೀರು ಸವರಿದಳು.

ಸಾವಿನ ಸುದ್ದಿ ಕೇಳಿ ಬಂದಿದ್ದ ಹುಬ್ಬಳ್ಳಿ ಆಸ್ಪತ್ರೆಯ ನರ್ಸ್ ಶೈಲಾ ಪರದೆ ಸರಿಸಿ ಒಳಬಂದಳು.

"ನಾಲ್ಕು ತಿಂಗಳು ಹೊಸ ಔಷಧದ ಪಟ್ಟಿ ಹಚ್ಚಿದ್ರೂ ಗಾಯ ಬತ್ತಲಿಲ್ಲ. ಇನ್ನೂ ಹನ್ನೊಂದು ಮಂದಿಗೆ ಅದನ್ನ ಹಚ್ಚಾಕತ್ತೀವಿ. ಈ ಔಷಧ ಮುಂದುವರಸೂದೋ ಬಿಡೂದೋ, ನಾಳೆ ಡಾಕ್ಟರ್ ತೀರ್ಮಾನ ಮಾಡ್ತಾರ." ತಗ್ಗಿದ ದನಿಯಲ್ಲಿ ಕೇಳಿದಳು, "ಎಂದಾರ ಪಟ್ಟಿ ಕಿತ್ತು ಬಂದಿತ್ತೇನು?"

"ಇಲ್ರಿ."

ಪರದೆಯಾಚೆ ಅಣ್ಣ ಶಾಕೀರನ ದನಿ ಏರಿತ್ತು. "ಪ್ರತಿ ಗುರುವಾರ ದುಡಿಮಿ ಬಿಟ್ಟು ಕರ್ಕೊಂಡು ಹೋಗೀನಿ. ಯಾರದು ತಪ್ಪು, ಹೇಳ್ಲಿ!"

*

ಮೊದಲ ಗುರುವಾರ ಶೈಲಾ ಪಟ್ಟಿಯನ್ನು ಚಿಮಟದಲ್ಲಿ ಎತ್ತಿ ತೋರಿಸಿದ್ದಳು. ಉಳ್ಳಾಗಡ್ಡಿಯ ಒಳಪೊರೆಯಷ್ಟು ತೆಳು. ಕೂದಲಿಗಿಂತ ನೂರಾರು ಪಟ್ಟು ಸಣ್ಣ ಎಳೆಗಳು; ಎಳೆಯೊಳಗೆ ಚರ್ಮದ ಕ್ಯಾನ್ಸರಿನ ಔಷಧ. ಎಳೆ ಕರಗಿದಂತೆ ಔಷಧ ಇಳಿಯುತ್ತದೆ, ವಾರದಲ್ಲಿ ಪಟ್ಟಿಯೇ ಉಳಿಯುವುದಿಲ್ಲ.

"ನಾ ಹೊಲಿಯೂ ಕೌದಿ ದಾರ ಇದರ ಮುಂದ ಹಗ್ಗ ಬಿಡ್ರಿ," ಎಂದು ರಾಜಮಾಬಿ ನಕ್ಕಿದ್ದಳು.

ಅಂದು ಸಂಜೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂಗೆ ಕೂತು, ಬಚ್ಚಲಲ್ಲಿ ಅದನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು.

"ಅಮ್ಮಿ, ಕೀಳಬ್ಯಾಡ್ರಿ ಅಂದಾರಲ್ಲ!"

"ಚರ್ಮಕ್ಕ ನೀರು ಮುಟ್ಟದಿದ್ರ ವಜೂ ಹೆಂಗ ಆಗ್ತದ? ಸಾಯೂ ಹೊತ್ತಿಗೆ ನಮಾಜ ಬಿಡ್ಲೇನು? ಶಾಕೀರಗ ಹೇಳಿದ್ರ ನನ್ನಾಣಿ."

ಮುಂದಿನ ಗುರುವಾರ ಬರಿದಾದ ಅಂಗಾಲು ನೋಡಿ ಶೈಲಾ, "ಚೊಲೋ ಕರಗೈತಿ," ಎಂದು ಬರೆದುಕೊಂಡಳು. ಜರೀನಾಬಿ ನೆಲ ನೋಡಿದಳು. ಪ್ರತಿ ವಾರವೂ ಹಾಗೆಯೇ.

*

"ಪಟ್ಟಿ ಇತ್ತಂದ್ರ ಪಾಪ, ಮ್ಯಾಲ ಹಸಿ ಕೈ ಸವರ್ತಿದ್ಲೇನೋ," ಎಂದಳು ಗೌಸಬಿ, ಕಾಲು ಒರೆಸುತ್ತ. "ಗಾಯ ಆದವರಿಗೆ ಅಷ್ಟ ಸಾಕು. ವಜೂ ಆಗ್ತದ."

ಗೌಸಬಿಯ ಮನೆ ಎದುರಿಗೇ ಇತ್ತು. ನಾಲ್ಕು ತಿಂಗಳಲ್ಲಿ ಜರೀನಾಬಿ ಅವಳನ್ನು ಒಂದು ಸಲವೂ ಕೇಳಿರಲಿಲ್ಲ.

ಹೊರಗೆ ಶಾಕೀರ ಮತ್ತೆ ಕೂಗಾಡುತ್ತಿದ್ದ. ಹೇಳಿದರೆ ಅವನು ತಂಗಿಗೆ ಮತ್ತೆಂದೂ ಈ ಮನೆಯ ಹೊಸ್ತಿಲು ತುಳಿಯಗೊಡಲಾರ. ಹೇಳದಿದ್ದರೆ ಆ ಹನ್ನೊಂದು ಮಂದಿಗೆ ಔಷಧ ನಿಂತೀತು.

"ಸಿಸ್ಟರ್, ಬರ್ರಿಲ್ಲೆ."

ಒಳಗಿನ ಬಚ್ಚಲಲ್ಲಿ ನಲ್ಲಿಯ ಮೇಲೆ, ಕೂತವರ ಕೈಗೆಟುಕುವಷ್ಟು ಎತ್ತರದಲ್ಲಿ, ಸುಣ್ಣದ ಗೋಡೆಗೆ ಚೌಕ ಚೌಕವಾಗಿ ಪಟ್ಟಿಗಳು ಅಂಟಿದ್ದವು. ಹಳೆಯವು ನೀರು ಸಿಡಿದು ಕರಗಿ ಬರೀ ಹೊಳಪಾಗಿದ್ದವು. ಕೊನೆಯದು ಇನ್ನೂ ಬೆಳ್ಳಗಿತ್ತು.

ಶೈಲಾ ಬೆರಳಿಟ್ಟು ಎಣಿಸತೊಡಗಿದಳು. ಹದಿನಾಲ್ಕು, ಹದಿನೈದು. ಹದಿನಾರನೆಯದಕ್ಕೆ ಬೆರಳು ಹೋಗುವಷ್ಟರಲ್ಲಿ ಬಾಗಿಲಲ್ಲಿ ಬಂದು ನಿಂತ ಶಾಕೀರನ ನೆರಳು ಗೋಡೆಯನ್ನೇರಿ ಎಲ್ಲವನ್ನೂ ಮುಚ್ಚಿತು.