ಗುರುಮಲ್ಲಪ್ಪ ಒಪ್ಪಿದ ಗಂಡು

ಕೊಳ್ಳೇಗಾಲದ ಗುರುಮಲ್ಲಪ್ಪನವರು ರೇಷ್ಮೆಗೂಡನ್ನು ಕೈಗೆತ್ತಿಕೊಂಡ ಕೂಡಲೇ ಅದರ ಗುಣ ಹೇಳುತ್ತಿದ್ದರು. ಮನುಷ್ಯರನ್ನೂ ಹಾಗೆಯೇ ಅಳೆಯಬಲ್ಲೆನೆಂದು ನಂಬಿದ್ದರು. ೧೯೬೪ರಲ್ಲಿ ಮಗಳು ಪುಟ್ಟಬಸಮ್ಮನಿಗೆ ಯಳಂದೂರಿನ ಗಂಡನ್ನು ಒಂದೇ ನೋಟಕ್ಕೆ ಒಪ್ಪಿಬಿಟ್ಟರು. ಹುಡುಗ ಮುಂಗೋಪಿಯೆಂದು ಹೆಂಡತಿ ಎಚ್ಚರಿಸಿದರೂ ಕೇಳಲಿಲ್ಲ.

ವರ್ಷದೊಳಗೆ ಮಗಳು ಒಬ್ಬಳೇ ಬಸ್ಸಿಳಿದು ಬಂದಳು. ತೋಳ ತುಂಬ ಬಾಸುಂಡೆಗಳಿದ್ದವು.

"ಅಲ್ಲಿಗೆ ಓಗಕಿಲ್ಲ ಕಣಪ್ಪ," ಎಂದು ಅತ್ತಳು.

ಗುರುಮಲ್ಲಪ್ಪನವರು ಆ ಬಾಸುಂಡೆಗಳನ್ನು ನೋಡಿದರು. ಆದರೂ ತಮ್ಮ ಅಂದಾಜು ತಪ್ಪಿತೆಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

"ಉಡುಗ ಒಳ್ಳೇವ್ನು ಕಣವ್ವ. ನಾನು ನೋಡಿ ಕೊಟ್ಟಿರದು," ಎಂದು ಮರುದಿನ ತಾವೇ ಕರೆದೊಯ್ದು ಬಿಟ್ಟುಬಂದರು.

ಆಮೇಲೆ ಮಗಳಿಂದ ದೂರು ಬರಲಿಲ್ಲ. ಎಲ್ಲ ಸರಿಹೋಯಿತೆಂದು ಗುರುಮಲ್ಲಪ್ಪನವರು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಎರಡು ವರ್ಷದ ಮೇಲೆ ಯಳಂದೂರಿನ ಬಳೆಗಾರನೊಬ್ಬ, ಕೆಲವು ತಿಂಗಳ ಹಿಂದೆಯೇ ಗಂಡನ ಏಟಿಗೆ ಪುಟ್ಟಬಸಮ್ಮನ ಕೈ ಮುರಿದಿತ್ತೆಂದು ತಿಳಿಸಿದ. ಗುರುಮಲ್ಲಪ್ಪನವರು ಅಂದೇ ಓಡಿದರು. ಮಗಳ ಎಡಗೈ ಸೊಟ್ಟಗೆ ಕೂಡಿಕೊಂಡಿತ್ತು.

"ಬಾರವ್ವ, ಮನೆಗೋಗವ. ನಂದೇ ತಪ್ಪು," ಎಂದರು.

"ಆವತ್ತೇ ಈ ಮಾತಂದಿದ್ರೆ ಬತ್ತಿದ್ದೆ ಕಣಪ್ಪ. ಈಗ ಇವ್ರು ಕೂಸ ಕೊಡಕಿಲ್ಲ ಅಂತಾರೆ. ಅದ ಬುಟ್ಟು ಎಂಗೆ ಬರ್ಲಿ?"

ಒಳಗೆ ಮಗು ಅತ್ತಿತು. ಪುಟ್ಟಬಸಮ್ಮ ಎದ್ದುಹೋದಳು. ಗುರುಮಲ್ಲಪ್ಪನವರು ಜಗಲಿಯಲ್ಲಿ ಬಹಳ ಹೊತ್ತು ನಿಂತೇ ಇದ್ದರು. ಕೂತುಕೊಳ್ಳಿ ಎಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ.